‘ಒಂದೇ ಸಲ ತಗೊಂಡಿದ್ದೆ ಮೇಡಂ, ಇನ್ನೂ ಇಳಿದಿಲ್ಲ’

ಪ್ರಶ್ನೆ: ಮೇಡಂ, ನನಗೆ 22 ವರ್ಷ. ಊರು ಸಿರುಗುಪ್ಪ ಹತ್ತಿರ. ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಕೊನೆ ವರ್ಷ. ಐದು ವಾರದ ಹಿಂದೆ ಫ್ರೆಂಡ್ಸ್ ಜೊತೆ ಹಂಪಿ ಹತ್ತಿರದ ಸಾಣಾಪುರಕ್ಕೆ ಹೋಗಿದ್ದೆ. ಒಬ್ಬ ‘ಪೇಪರ್’ ತಂದಿದ್ದ, ಎಲ್‌ಎಸ್‌ಡಿ ಅಂದ. ಅರ್ಧ ಚೂರು ನಾಲಿಗೆ ಮೇಲೆ ಇಟ್ಟುಕೊಂಡೆ. ನನಗೆ ಇಂಥದ್ದೆಲ್ಲ ಅದೇ ಮೊದಲು. ಮುಕ್ಕಾಲು ಗಂಟೆ ಕಾದರೂ ಏನೂ ಆಗಲಿಲ್ಲ ಅಂತ ಉಳಿದ ಅರ್ಧವನ್ನೂ ತಗೊಂಡೆ. ಆಮೇಲೆ ಬಂಡೆಗಳು ಉಸಿರಾಡಿದ ಹಾಗೆ ಕಂಡವು, ಸುಮ್ನೆ ಸುಮ್ನೆ ನಗು ಬಂತು. ಸಂಜೆ ಹೊತ್ತಿಗೆ ಸ್ವಲ್ಪ ಗಾಬರಿಯಾದಾಗ ‘ಕೂಲ್ ಆಗ್ತೀಯಾ’ ಅಂತ ಗಾಂಜಾ ಕೊಟ್ಟರು. ಅಲ್ಲಿಂದ ಪೂರ್ತಿ ಕೆಟ್ಟಿತು. ಎದೆ ಹೊಡೆದುಕೊಳ್ಳತೊಡಗಿತು, ಸತ್ತೇ ಹೋದೆ ಅನ್ನಿಸಿತು, ಟೈಮ್ ನಿಂತೇಹೋಯಿತು. ನಿಂಬೆಹಣ್ಣು ತಿನ್ನಿಸಿದರು, ತಲೆ ಮೇಲೆ ನೀರು ಸುರಿದರು. ನಿದ್ದೆ ಬಂದಿದ್ದು ಬೆಳಗಿನ ಜಾವ.

ಈಗಲೂ ರಾತ್ರಿ ಗಾಡಿಗಳ ಹೆಡ್‌ಲೈಟಿಗೆ ಬಾಲ ಬಂದ ಹಾಗೆ ಕಾಣುತ್ತದೆ. ಹಾಸ್ಟೆಲ್ ಬಾತ್‌ರೂಮಿನ ಟೈಲ್ಸ್ ಅಲುಗಾಡುತ್ತವೆ. ನಿಜವಾಗಿ ಅಲುಗಾಡುತ್ತಿಲ್ಲ ಅಂತ ಗೊತ್ತು, ಆದರೂ ಭಯ. ವಾರದಲ್ಲಿ ಎರಡು ಮೂರು ಸಲ ಎದೆ ಡವಡವ, ಕೈ ಬೆವರು. ಈ ಡ್ರಗ್ಸ್ ಬೆನ್ನುಹುರಿಯಲ್ಲಿ ಜೀವನಪೂರ್ತಿ ಉಳಿಯುತ್ತದೆ ಅಂತಾನೆ ಒಬ್ಬ. ಇನ್ನೊಬ್ಬ, ‘ಮುಳ್ಳನ್ನ ಮುಳ್ಳಿಂದಾನೇ ತೆಗೀಬೇಕು, ಇನ್ನೊಂದು ಸಲ ತಗೋ, ಸರಿಹೋಗ್ತೀಯಾ’ ಅಂತಾನೆ. ಅವ್ವ ನನ್ನ ಮುಖ ನೋಡಿ ‘ಗಾಳಿ ಬಡದೈತಿ’ ಅಂತ ತಾಯಿತ ಕಟ್ಟಿಸೋಕೆ ಕರೆಯುತ್ತಿದ್ದಾಳೆ. ಜುಲೈಯಲ್ಲಿ ಕಂಪನಿ ಮೆಡಿಕಲ್ ಟೆಸ್ಟ್ ಇದೆ. ಡಾಕ್ಟರ್ ಹತ್ತಿರ ಹೋದರೆ ಪೊಲೀಸರಿಗೆ ಹೇಳ್ತಾರಾ? ನನಗೆ ಹುಚ್ಚು ಹಿಡಿಯುತ್ತಿದೆಯಾ? ಅಂದ ಹಾಗೆ ನನ್ನ ಸೋದರಮಾವನಿಗೆ ಮೊದಲಿಂದ ತಲೆ ಸರಿ ಇಲ್ಲ, ಮಾತ್ರೆ ತಗೊಳ್ತಾರೆ.

ಉತ್ತರ: ಬರೆದಿದ್ದು ಒಳ್ಳೆಯದಾಯಿತು. ಇಂಥ ಪ್ರಶ್ನೆ ಇಟ್ಟುಕೊಂಡು ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಕಾಲೇಜು ಹುಡುಗರೇ. ಹತ್ತಾರು ವಿಡಿಯೋ ನೋಡಿ, ಇನ್ನಷ್ಟು ಹೆದರಿ, ಕೊನೆಗೆ ‘ತಲೆನೋವು’ ಅಂತ ಹೇಳಿಕೊಂಡು ಬರುತ್ತಾರೆ. ನೀವು ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೀರಿ.

ಪತ್ರ ಓದಿ ರೋಗ ಇಂಥದ್ದೇ ಅನ್ನಲು ಆಗುವುದಿಲ್ಲ. ಆದರೆ ನೀವೇ ಬರೆದ ಒಂದು ಮಾತು ನನಗೆ ಸಮಾಧಾನ ಕೊಟ್ಟಿತು: ‘ನಿಜವಾಗಿ ಅಲುಗಾಡುತ್ತಿಲ್ಲ ಅಂತ ಗೊತ್ತು.’ ಮನಸ್ಸು ವಾಸ್ತವದ ಹಿಡಿತ ಕಳೆದುಕೊಂಡಾಗ ಮೊದಲು ಹೋಗುವುದು ಈ ‘ಗೊತ್ತು’ ಅನ್ನುವುದೇ. ನಿಮಗೆ ಅದು ಗಟ್ಟಿಯಾಗಿ ಉಳಿದಿದೆ. ಅಷ್ಟೇ ಅಲ್ಲ, ಪತ್ರದ ಕೊನೆಯಲ್ಲಿ ‘ಅಂದ ಹಾಗೆ’ ಅಂತ ಸೇರಿಸಿದ ಸೋದರಮಾವನ ವಿಷಯವೇ ನನ್ನ ಪ್ರಕಾರ ಈ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ನೀವು ಭಯಪಡುತ್ತಿರುವುದು ಬೆನ್ನುಹುರಿಗೆ. ಗಮನ ಕೊಡಬೇಕಾದ್ದು ಮಾವನ ವಿಷಯಕ್ಕೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು, ಆ ದಿನ ಏನಾಯಿತು ಅಂತ ನೋಡೋಣ. ಎಲ್‌ಎಸ್‌ಡಿ ಮೆದುಳಿನಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕವನ್ನು ಹಿಡಿದುಕೊಳ್ಳುವ ಒಂದು ಬಗೆಯ ಗ್ರಾಹಕಕ್ಕೆ (ರಿಸೆಪ್ಟರ್) ಹೋಗಿ ಅಂಟಿಕೊಳ್ಳುತ್ತದೆ. ನಾವು ನೋಡುವುದು ಬರೀ ಕಣ್ಣಿನಿಂದ ಅಲ್ಲ. ಕಣ್ಣು ಕೊಡುವುದು ಅರೆಬರೆ ಸುದ್ದಿ. ‘ಇದು ಬಂಡೆ, ಬಂಡೆ ಅಲ್ಲಾಡುವುದಿಲ್ಲ’ ಅಂತ ಹಳೆಯ ಅನುಭವದಿಂದ ಉಳಿದದ್ದನ್ನು ತುಂಬಿಕೊಳ್ಳುವುದು ಮೆದುಳು. ಎಲ್‌ಎಸ್‌ಡಿ ಈ ತುಂಬಿಕೊಳ್ಳುವ ಕೆಲಸವನ್ನು ಸಡಿಲ ಮಾಡುತ್ತದೆ. ಆಗ ಬಂಡೆ ಉಬ್ಬಿ ಇಳಿದ ಹಾಗೆ ಕಾಣುತ್ತದೆ. ಹೊತ್ತು ಎಷ್ಟಾಯಿತು ಅನ್ನುವ ಲೆಕ್ಕ ತಪ್ಪುತ್ತದೆ. ‘ನಾನು’ ಅನ್ನುವ ಗಟ್ಟಿ ಭಾವನೆಯೂ ಸಡಿಲವಾಗುತ್ತದೆ. ಅದು ಕೆಲವರಿಗೆ ಆನಂದ, ಕೆಲವರಿಗೆ ಸಾವು ಬಂದಂಥ ಭಯ. ಒಬ್ಬನಿಗೇ ಒಂದೇ ಸಂಜೆಯಲ್ಲಿ ಎರಡೂ ಆಗಬಹುದು. ನಿಮಗೆ ಆದದ್ದು ಅದೇ.

ಇದನ್ನು ಬೇಕೆಂದೇ ತೆಗೆದುಕೊಂಡ ಮೊಟ್ಟಮೊದಲ ಮನುಷ್ಯನೂ ಹೀಗೇ ಹೆದರಿದ್ದ. ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ ಎಲ್‌ಎಸ್‌ಡಿಯನ್ನು ತಯಾರಿಸಿದ್ದು 1938ರಲ್ಲಿ. 1943ರ ಏಪ್ರಿಲ್ 19ರಂದು 250 ಮೈಕ್ರೋಗ್ರಾಂ ನುಂಗಿ, ತಡೆಯಲಾಗದೆ ಸೈಕಲ್ ಮೇಲೆ ಮನೆಗೆ ಹೋದ. ಮನೆಯ ಸಾಮಾನುಗಳು ಭಯಂಕರವಾಗಿ ಕಂಡವು. ಹಾಲು ತಂದುಕೊಟ್ಟ ಪಕ್ಕದ ಮನೆಯ ಹೆಂಗಸು ಮಾಟಗಾತಿಯಂತೆ ಕಂಡಳು. ಸಾಯುತ್ತಿದ್ದೇನೆ ಅಂದುಕೊಂಡ. ವೈದ್ಯರು ಬಂದು ನೋಡಿದರೆ ಕಣ್ಣಿನ ಪಾಪೆ ದೊಡ್ಡದಾಗಿದ್ದು ಬಿಟ್ಟರೆ ಬೇರೇನೂ ತೊಂದರೆ ಕಾಣಲಿಲ್ಲ. ಮರುದಿನ ಎದ್ದಾಗ ಚೆನ್ನಾಗಿಯೇ ಇದ್ದ. ಎದೆ ಹೊಡೆದುಕೊಳ್ಳುವುದು, ಸತ್ತೆ ಅನ್ನಿಸುವುದು ಈ ವಸ್ತುವಿನ ಹಳೆಯ ಗುಣ ಅಂತ ನಿಮಗೆ ಗೊತ್ತಾಗಲಿ ಅಂತ ಇದನ್ನು ಹೇಳಿದೆ. ಅದು ನಿಮ್ಮ ಮನಸ್ಸಿನ ದೌರ್ಬಲ್ಯ ಅಲ್ಲ.

ನಿಮ್ಮ ಸಂಜೆ ಅಷ್ಟು ಕೆಡಲು ಬೇರೆ ಕಾರಣಗಳೂ ಇವೆ. ಎಲ್‌ಎಸ್‌ಡಿ ಹತ್ತುವುದಕ್ಕೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಬೇಕು. ಇಳಿಯಲು ಎಂಟರಿಂದ ಹನ್ನೆರಡು ಗಂಟೆ. ‘ಏನೂ ಆಗಲಿಲ್ಲ’ ಅಂತ ಇನ್ನರ್ಧ ಹಾಕಿಕೊಂಡಾಗ ಮೊದಲ ಅರ್ಧ ಇನ್ನೂ ದಾರಿಯಲ್ಲಿತ್ತು. ಹೊಸಬರು ಬಹಳಷ್ಟು ಜನ ಎಡವುವುದು ಇಲ್ಲೇ. ಮೇಲೆ ಗಾಂಜಾ. ಗಾಂಜಾ ತಣ್ಣಗೆ ಮಾಡುತ್ತದೆ ಅನ್ನುವುದು ಹುಡುಗರಲ್ಲಿ ಬೇರೂರಿರುವ ನಂಬಿಕೆ. ಎಲ್‌ಎಸ್‌ಡಿ ಮೇಲೆ ಅದು ಬಿದ್ದರೆ ಗಾಬರಿ, ಅನುಮಾನ, ಗೊಂದಲ ಎಲ್ಲವೂ ಜಾಸ್ತಿಯಾಗುತ್ತವೆ. ನಾನು ಕೇಳಿದ ಕೆಟ್ಟ ಸಂಜೆಗಳ ಕಥೆಯಲ್ಲಿ ಗಾಂಜಾ ಮತ್ತೆ ಮತ್ತೆ ಬರುತ್ತದೆ. ಇನ್ನು ನಿಂಬೆಹಣ್ಣು, ಹಾಲು, ಮಜ್ಜಿಗೆ: ಇವು ಯಾವುವೂ ಎಲ್‌ಎಸ್‌ಡಿಯನ್ನು ಇಳಿಸುವುದಿಲ್ಲ. ಹಾನಿಯೂ ಇಲ್ಲ, ಪೂರ್ತಿ ಎಚ್ಚರ ಇಲ್ಲದವನ ಬಾಯಿಗೆ ತುರುಕದಿದ್ದರೆ.

ಇನ್ನೂ ಒಂದು ಮಾತು. ನಿಮಗೆ ಕೊಟ್ಟದ್ದು ಎಲ್‌ಎಸ್‌ಡಿಯೇ ಅಂತ ಯಾರು ಹೇಳಿದರು? ಕಾಗದದ ಚೂರಿನ ಮೇಲಿನ ಚಿತ್ರ ನೋಡಿ ಒಳಗೇನಿದೆ ಅಂತ ಹೇಳಲು ಯಾರಿಗೂ ಆಗದು. ಎನ್‌ಬಿಓಎಂಇ ಗುಂಪಿನ ರಾಸಾಯನಿಕಗಳನ್ನು ಎಲ್‌ಎಸ್‌ಡಿ ಅಂತಲೇ ಮಾರಿದ್ದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ಅದರಿಂದ ಜನ ಸತ್ತಿದ್ದಾರೆ. ಅದು ಹೆಚ್ಚಾಗಿ ಕಹಿ, ನಾಲಿಗೆ ಜೋಮು ಹಿಡಿಸುತ್ತದೆ. ಎಲ್‌ಎಸ್‌ಡಿಗೆ ಹೇಳಿಕೊಳ್ಳುವಂಥ ರುಚಿ ಇಲ್ಲ. ಹಾಗಂತ ರುಚಿ ನೋಡಿ ನಂಬುವುದು ಕೂಡ ಪರೀಕ್ಷೆ ಅಲ್ಲ. ನಿಮ್ಮ ಕಾಗದ ಕಹಿಯಾಗಿತ್ತಾ ಅಂತ ನೆನಪಿದ್ದರೆ ವೈದ್ಯರಿಗೆ ಹೇಳಿ.

ಈಗ ಬೆನ್ನುಹುರಿ. ಇದು ಶುದ್ಧ ಸುಳ್ಳು. ರಕ್ತದಲ್ಲಿರುವ ಎಲ್‌ಎಸ್‌ಡಿ ಸುಮಾರು ಮೂರರಿಂದ ನಾಲ್ಕು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಲಿವರ್ ಅದನ್ನು ಒಡೆದು ಹೊರಗೆ ಹಾಕುತ್ತದೆ. ಕೆಲವೇ ದಿನಗಳಲ್ಲಿ ದೇಹದಲ್ಲಿ ಅದರ ಗುರುತೂ ಇರುವುದಿಲ್ಲ. ಬೆನ್ನುಹುರಿಯಲ್ಲೂ ಇಲ್ಲ, ಕೊಬ್ಬಿನಲ್ಲೂ ಇಲ್ಲ. ಐದು ವಾರದ ನಂತರ ನಿಮ್ಮ ದೇಹದಲ್ಲಿ ಆ ದಿನದ ಕಾಗದದ ಒಂದು ಕಣವೂ ಉಳಿದಿಲ್ಲ.

ಹಾಗಾದರೆ ಹೆಡ್‌ಲೈಟಿಗೆ ಬಾಲ ಯಾಕೆ? ಡ್ರಗ್ಸ್ ಹೋಗಿದೆ, ಅದು ಕಲಿಸಿಕೊಟ್ಟ ಅಡ್ಡ ಅಭ್ಯಾಸ ಸ್ವಲ್ಪ ಉಳಿದಿದೆ. ಬೆಳಕಿನ ಬಾಲ, ನೋಡಿದ ವಸ್ತುವಿನ ಅಚ್ಚು ಕಣ್ಣಲ್ಲಿ ಉಳಿಯುವುದು, ಕತ್ತಲಲ್ಲಿ ಸಣ್ಣ ಚುಕ್ಕೆಗಳ ಮಳೆ, ಗೆರೆಗಳಿರುವ ನೆಲ ಅಲುಗಾಡುವುದು. ಇವು ಬಹುಕಾಲ ನಿಂತು ದಿನದ ಬದುಕಿಗೆ ತೊಂದರೆ ಕೊಟ್ಟರೆ ಅದನ್ನು ನಾವು ಎಚ್‌ಪಿಪಿಡಿ ಅನ್ನುತ್ತೇವೆ. ಇದು ಬರುವುದು ಸ್ವಲ್ಪ ಜನರಿಗೆ. ಬಂದವರಲ್ಲಿ ಬಹಳಷ್ಟು ಜನರಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಇದನ್ನು ಹೆಚ್ಚು ಮಾಡುವುದು ಏನು ಅಂತ ನಮಗೆ ಚೆನ್ನಾಗಿ ಗೊತ್ತು: ನಿದ್ದೆಗೇಡು, ಗಾಂಜಾ, ಇನ್ನೊಂದು ಸಲದ ಡ್ರಗ್ಸ್, ಮತ್ತು ಭಯ.

ಭಯದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಈಗಿನ ಕಷ್ಟದ ಬಹುಪಾಲು ಇಲ್ಲೇ ಇದೆ ಅಂತ ನನ್ನ ಅಂದಾಜು. ಬಾತ್‌ರೂಮಿಗೆ ಹೋಗುವಾಗಲೇ ನೀವು ‘ಇವತ್ತೂ ಅಲುಗಾಡುತ್ತಾ’ ಅಂತ ಟೈಲ್ಸ್ ನೋಡುತ್ತೀರಿ, ಅಲ್ವಾ? ಯಾವುದೇ ಗೆರೆಗೆರೆ ನೆಲವನ್ನು ಕಣ್ಣು ಕೀಳದೆ ಅರ್ಧ ನಿಮಿಷ ನೋಡಿದರೆ ಯಾರಿಗಾದರೂ ಸ್ವಲ್ಪ ಅಲುಗಿದ ಹಾಗಾಗುತ್ತದೆ. ಬೇರೆಯವರು ಗಮನಿಸುವುದಿಲ್ಲ. ನೀವು ಕಾದು ಕೂತಿದ್ದೀರಿ. ಕಂಡ ಕೂಡಲೇ ಎದೆ ಡವಡವ. ಡವಡವ ಅನ್ನುವುದು ಸಾಣಾಪುರದ ರಾತ್ರಿಯನ್ನು ನೆನಪಿಸುತ್ತದೆ. ಅದರಿಂದ ಇನ್ನಷ್ಟು ಭಯ, ನಿದ್ದೆ ಇಲ್ಲ, ಮರುದಿನ ಟೈಲ್ಸ್ ಇನ್ನೂ ಜಾಸ್ತಿ ಅಲುಗುತ್ತವೆ. ವಾರಕ್ಕೆ ಎರಡು ಮೂರು ಸಲ ಬರುವ ನಿಮ್ಮ ಎದೆಬಡಿತ ಪ್ಯಾನಿಕ್ ಅಟ್ಯಾಕ್ ಇದ್ದ ಹಾಗೆ ಕಾಣುತ್ತದೆ. ಪ್ಯಾನಿಕ್‌ಗೆ ಒಳ್ಳೆಯ ಚಿಕಿತ್ಸೆ ಇದೆ.

ಈಗ ಸೋದರಮಾವನ ವಿಷಯ. ಎಲ್‌ಎಸ್‌ಡಿ, ಮ್ಯಾಜಿಕ್ ಮಶ್ರೂಮ್ ಇವು ಎಲ್ಲರಿಗೂ ಹುಚ್ಚು ಹಿಡಿಸುತ್ತವೆ ಅನ್ನುವುದು ಸುಳ್ಳು. ಯಾರಿಗೂ ಏನೂ ಮಾಡುವುದಿಲ್ಲ ಅನ್ನುವುದೂ ಅಷ್ಟೇ ಸುಳ್ಳು. ಮನೆತನದಲ್ಲಿ ಸ್ಕಿಜೋಫ್ರೇನಿಯಾ (ವಾಸ್ತವದ ಹಿಡಿತ ತಪ್ಪುವ ಕಾಯಿಲೆ) ಅಥವಾ ಬೈಪೋಲಾರ್ (ಮನಸ್ಸು ಅತಿಯಾಗಿ ಏರಿ ಇಳಿಯುವ) ಕಾಯಿಲೆ ಇದ್ದವರಿಗೆ ಅಪಾಯ ಬೇರೆಯೇ. ವಿದೇಶದಲ್ಲಿ ಮಶ್ರೂಮಿನ ಸಿಲೋಸೈಬಿನ್ ಮೇಲೆ ಪ್ರಯೋಗ ಮಾಡುವಾಗ ಇಂಥ ಮನೆತನದವರನ್ನು ಸಾಮಾನ್ಯವಾಗಿ ಮೊದಲೇ ಕೈಬಿಡುತ್ತಾರೆ. ಸ್ಕಿಜೋಫ್ರೇನಿಯಾ ಜೀವಮಾನದಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಬರುವ ಕಾಯಿಲೆ. ಮಾವನಿಗೋ ಅತ್ತೆಗೋ ಇದ್ದರೆ ಅದು ನೂರಕ್ಕೆ ಮೂರ್ನಾಲ್ಕು ಆಗುತ್ತದೆ. ಅಂದರೆ ಬಹಳ ಜನಕ್ಕೆ ಬರುವುದಿಲ್ಲ, ಹೆದರಿ ಕೂರಬೇಡಿ. ಆದರೆ ಅದು ಶುರುವಾಗುವ ವಯಸ್ಸು ಹೆಚ್ಚಾಗಿ ಹದಿನೆಂಟರಿಂದ ಮೂವತ್ತರ ಆಸುಪಾಸು. ನೀವು ಆ ವಯಸ್ಸಿನಲ್ಲೇ ಇದ್ದೀರಿ. ‘ತಲೆ ಸರಿ ಇಲ್ಲ’ ಅಂದರೆ ಏನು, ಯಾವ ಮಾತ್ರೆ, ಯಾವಾಗಿಂದ ಅಂತ ತಿಳಿದುಕೊಳ್ಳಿ. ಅದು ಖಿನ್ನತೆಯೂ ಇರಬಹುದು, ಮೂರ್ಛೆ ರೋಗವೂ ಇರಬಹುದು. ನಮ್ಮ ಕಡೆ ಎಲ್ಲಕ್ಕೂ ಒಂದೇ ಮಾತು ಹೇಳಿ ಮುಗಿಸುತ್ತಾರೆ.

ಇಂಥವು ಕಂಡರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ: ಯಾರೂ ಇಲ್ಲದಾಗ ಮಾತು ಕೇಳಿಸುವುದು, ಫ್ರೆಂಡ್ಸ್ ಅಥವಾ ಪೊಲೀಸರು ಹಿಂದೆ ಬಿದ್ದಿದ್ದಾರೆ ಅಂತ ಖಚಿತವಾಗಿ ಅನ್ನಿಸುವುದು, ಟಿವಿಯಲ್ಲಿ ನಿಮ್ಮ ಬಗ್ಗೆಯೇ ಹೇಳುತ್ತಿದ್ದಾರೆ ಅನ್ನಿಸುವುದು, ಎರಡು ಮೂರು ರಾತ್ರಿ ನಿದ್ದೆ ಮಾಡದಿದ್ದರೂ ದಣಿವೇ ಆಗದಿರುವುದು, ಸಾಯುವ ಯೋಚನೆ. ಇವನ್ನು ನಿಮ್ಮ ರೂಮ್‌ಮೇಟ್‌ಗೂ ಹೇಳಿಡಿ. ಕೆಲವು ಸಲ ಪಕ್ಕದವರಿಗೆ ಮೊದಲು ಗೊತ್ತಾಗುತ್ತದೆ.

ಇನ್ನು ಮುಂದೇನು ಅನ್ನುವುದಕ್ಕೆ ಬರುತ್ತೇನೆ. ‘ಮುಳ್ಳಿಂದ ಮುಳ್ಳು’ ಗೆಳೆಯನ ಮಾತು ದಯವಿಟ್ಟು ಕೇಳಬೇಡಿ. ಈಗಾಗಲೇ ಪ್ಯಾನಿಕ್ ಇರುವ, ಕಣ್ಣಿನ ತೊಂದರೆ ಇರುವ, ಮನೆತನದಲ್ಲಿ ಕಾಯಿಲೆ ಇರುವ ಹುಡುಗ ಇನ್ನೊಂದು ಸಲ ತೆಗೆದುಕೊಳ್ಳುವುದಕ್ಕಿಂತ ದೊಡ್ಡ ಅಪಾಯ ನಿಮ್ಮ ಮುಂದೆ ಬೇರೆ ಇಲ್ಲ. ‘ಫಾರಿನ್‌ನಲ್ಲಿ ಇದನ್ನೇ ಔಷಧಿ ಅಂತ ಕೊಡ್ತಾರೆ’ ಅಂತ ಅವನು ಹೇಳಬಹುದು. ಅದರಲ್ಲಿ ಸ್ವಲ್ಪ ನಿಜ ಇದೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈಯಿಂದ, ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಸಿಲೋಸೈಬಿನ್ ಬಳಸಲು ಅನುಮತಿ ಪಡೆದ ಮನೋವೈದ್ಯರಿಗೆ ಅವಕಾಶ ಇದೆ. ಅಲ್ಲಿ ರೋಗಿಯನ್ನು ಮೊದಲೇ ಪರೀಕ್ಷೆ ಮಾಡುತ್ತಾರೆ, ಅಳತೆ ಮಾಡಿದ ಶುದ್ಧ ಔಷಧಿ ಕೊಡುತ್ತಾರೆ, ತರಬೇತಿ ಆದವರು ಗಂಟೆಗಟ್ಟಲೆ ಪಕ್ಕದಲ್ಲಿ ಕೂತಿರುತ್ತಾರೆ. ಬಂಡೆಯ ಮೇಲೆ ಕೂತು ಯಾರೋ ಕೊಟ್ಟ ಕಾಗದ ನೆಕ್ಕುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ, ಮಶ್ರೂಮ್ ತಿಂದು ಕೆಟ್ಟ ಅನುಭವ ಆದ ಸುಮಾರು 2000 ಜನರನ್ನು ಕೇಳಿದ್ದರು. ನೂರಕ್ಕೆ 39 ಜನ, ಬದುಕಿನ ಐದು ಅತಿ ಕಷ್ಟದ ಗಳಿಗೆಗಳಲ್ಲಿ ಅದೂ ಒಂದು ಅಂದರು. ನೂರಕ್ಕೆ 11 ಜನ ತಮ್ಮನ್ನೋ ಬೇರೆಯವರನ್ನೋ ಅಪಾಯಕ್ಕೆ ಒಡ್ಡಿದ್ದರು. ನೀವು ಕೂತ ಜಾಗ ನೆನಪಿಸಿಕೊಳ್ಳಿ. ಒಂದು ಕಡೆ ಕೆರೆ, ಸ್ವಲ್ಪ ದೂರಕ್ಕೆ ಬಂಡೆಗಳ ನಡುವೆ ಸುಳಿ ತಿರುಗುವ ತುಂಗಭದ್ರಾ. ಆ ಸ್ಥಿತಿಯಲ್ಲಿ ನೀರಿಗಿಳಿದರೆ ಏನಾಗುತ್ತಿತ್ತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಎರಡನೇ ಅಡ್ಡದಾರಿ ಮೆಡಿಕಲ್ ಶಾಪಿನ ನಿದ್ದೆ ಮಾತ್ರೆ. ಚೀಟಿ ಇಲ್ಲದೆ ಆಲ್‌ಪ್ರಜೋಲಾಮ್ ಸಿಕ್ಕರೂ ತಗೋಬೇಡಿ. ಒಂದೆರಡು ದಿನ ಹಾಯೆನಿಸುತ್ತದೆ, ಆಮೇಲೆ ಅದಿಲ್ಲದೆ ನಿದ್ದೆಯೇ ಬರುವುದಿಲ್ಲ. ಕುಡಿತವೂ ಹಾಗೇ. ಬಂದದ್ದು ಒಂದು ತೊಂದರೆಗೆ, ಹೋಗುವಾಗ ಎರಡು ತೊಂದರೆ ಇರುವ ಹುಡುಗರನ್ನು ನಾನು ನೋಡಿದ್ದೇನೆ.

ಸುಮ್ಮನೆ ಕಾಯುವುದೂ ಒಂದು ದಾರಿಯೇ. ಮನೆತನದಲ್ಲಿ ಕಾಯಿಲೆ ಇಲ್ಲದೆ, ಬರೀ ಬೆಳಕಿನ ಬಾಲ ಮಾತ್ರ ಇದ್ದಿದ್ದರೆ ನಾನೂ ‘ಎರಡು ತಿಂಗಳು ನಿದ್ದೆ ಸರಿಮಾಡಿಕೊಂಡು ನೋಡಿ’ ಅನ್ನುತ್ತಿದ್ದೆ. ನಿಮ್ಮ ವಿಷಯದಲ್ಲಿ ಹಾಗೆ ಹೇಳಲಾರೆ. ಈ ವಾರವೇ ಒಬ್ಬ ಮನೋವೈದ್ಯರನ್ನು ನೋಡಿ. ಅವರು ಮೈಗ್ರೇನ್, ಮೂರ್ಛೆ ರೋಗ, ಥೈರಾಯ್ಡ್, ಕಣ್ಣಿನ ತೊಂದರೆ ಇವನ್ನೂ ಯೋಚಿಸುತ್ತಾರೆ. ಪ್ಯಾನಿಕ್‌ಗೆ ಮಾತಿನ ಚಿಕಿತ್ಸೆಯೇ ಸಾಕಾಗಬಹುದು, ಕೆಲವರಿಗೆ ಕೆಲವು ತಿಂಗಳು ಮಾತ್ರೆ ಬೇಕಾಗಬಹುದು. ಕಣ್ಣಿನ ತೊಂದರೆಗೂ ಕ್ಲೋನಿಡಿನ್, ಲ್ಯಾಮೋಟ್ರಿಜಿನ್‌ನಂಥ ಔಷಧಿಗಳಿಂದ ಕೆಲವರಿಗೆ ಅನುಕೂಲವಾಗಿದೆ. ಎಲ್ಲರಿಗೂ ಆಗುತ್ತದೆ ಅಂತ ಹೇಳಲಾರೆ. ಕೆಲವು ಮಾತ್ರೆಗಳಿಂದ ಈ ತೊಂದರೆ ಹೆಚ್ಚಾದದ್ದೂ ಇದೆ. ಅದಕ್ಕೇ ಎಲ್‌ಎಸ್‌ಡಿ ತೆಗೆದುಕೊಂಡ ವಿಷಯ ವೈದ್ಯರಿಂದ ಮುಚ್ಚಿಡಬಾರದು. ಅಲ್ಲಿಯವರೆಗೆ ರಾತ್ರಿ ಬೈಕ್ ಓಡಿಸಬೇಡಿ. ಎದುರಿನ ಲಾರಿಯ ಬೆಳಕಿಗೆ ಬಾಲ ಬಂದರೆ ದೂರದ ಅಂದಾಜು ತಪ್ಪುತ್ತದೆ. ಕಾಫಿ, ಎನರ್ಜಿ ಡ್ರಿಂಕ್ ಕಡಿಮೆ ಮಾಡಿ. ರಾತ್ರಿ ಫೋನಿನಲ್ಲಿ ಇದರ ಬಗ್ಗೆ ಹುಡುಕುವುದನ್ನು ನಿಲ್ಲಿಸಿ.

ಎಲ್ಲಿಗೆ ಹೋಗಬೇಕು? ಬಳ್ಳಾರಿಯಲ್ಲಿ ನಾವೆಲ್ಲ ಇನ್ನೂ ವಿಮ್ಸ್ ಅಂತಲೇ ಕರೆಯುವ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಕೊಪ್ಪಳ, ರಾಯಚೂರಿನಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಮಾನಸಿಕ ಚಿಕಿತ್ಸೆ ಅಂದರೆ ಬೆಂಗಳೂರಿಗೇ ಹೋಗಬೇಕು ಅನ್ನುವ ಭಾವನೆ ನಮ್ಮ ಕಡೆ ಇದೆ. ಅಸಲಿಗೆ ಹಳ್ಳಿ ಆಸ್ಪತ್ರೆಗಳ ತನಕ ಮಾನಸಿಕ ಚಿಕಿತ್ಸೆ ಮುಟ್ಟಿಸುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿದ್ದು ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಹೋಗಲು ಮನಸ್ಸು ಹಿಂಜರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪೊಲೀಸರ ಭಯಕ್ಕೆ ಬರೋಣ. ಎಲ್‌ಎಸ್‌ಡಿ ತೆಗೆದುಕೊಳ್ಳುವುದು, ಇಟ್ಟುಕೊಳ್ಳುವುದು, ಹಂಚುವುದು ಎಲ್ಲವೂ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಅಪರಾಧ. ಇದರ ಲೆಕ್ಕ ತುಂಬ ಬಿಗಿ: 2 ಮಿಲಿಗ್ರಾಂ ತನಕ ಅಲ್ಪ ಪ್ರಮಾಣ, 0.1 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10 ವರ್ಷ ಜೈಲು. ‘ಫ್ರೆಂಡ್ಸಿಗೆ ಅಂತ ತಂದೆ’ ಅನ್ನುವವನಿಗೂ ಇದು ಗೊತ್ತಿರಬೇಕು. ಆದರೆ ಐದು ವಾರದ ಹಿಂದೆ ತೆಗೆದುಕೊಂಡಿದ್ದೆ ಅಂತ ಒಪಿಡಿಯಲ್ಲಿ ಹೇಳುವ ರೋಗಿಯನ್ನು ವೈದ್ಯರು ಪೊಲೀಸರಿಗೆ ಒಪ್ಪಿಸುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮ್ಮ ಮಾಹಿತಿ ಗುಟ್ಟಾಗಿಡಬೇಕು ಅನ್ನುತ್ತದೆ. ಅಪಘಾತ, ವಿಷಪ್ರಾಶನದಂಥ ತುರ್ತು ಸಂದರ್ಭದಲ್ಲಿ ಆಸ್ಪತ್ರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ದಾಖಲೆ) ಬರೆಯುವುದು ಬೇರೆ. ಆಗಲೂ ಕೇಸಿಗೆ ಹೆದರಿ ಗೆಳೆಯನನ್ನು ರೂಮಿನಲ್ಲಿ ಮಲಗಿಸಬೇಡಿ. ಮೈ ಕೆಂಡದ ಹಾಗೆ ಸುಡುತ್ತಿದ್ದರೆ, ಫಿಟ್ಸ್ ಬಂದರೆ, ಎದೆನೋವು ಇದ್ದರೆ, ಎಚ್ಚರ ತಪ್ಪಿದರೆ 108ಕ್ಕೆ ಫೋನ್ ಮಾಡಿ, ಏನು ತಗೊಂಡ ಅಂತ ನಿಜ ಹೇಳಿ. ಬರೀ ಗಾಬರಿಯಾಗಿದ್ದರೆ ಗದ್ದಲ ಇಲ್ಲದ ಕಡೆ ಕೂರಿಸಿ, ಒಬ್ಬರೇ ಪಕ್ಕದಲ್ಲಿದ್ದು ‘ಇದು ಡ್ರಗ್ಸಿಂದ ಆಗ್ತಿರೋದು, ಇಳಿಯುತ್ತೆ’ ಅಂತ ಹೇಳುತ್ತಾ ಇರಿ. ತಲೆ ಮೇಲೆ ನೀರು ಸುರಿಯುವುದಕ್ಕಿಂತ ಅದು ಸಾವಿರ ಪಾಲು ಮೇಲು.

ಕಂಪನಿ ಟೆಸ್ಟ್: ಸಾಮಾನ್ಯವಾಗಿ ಮಾಡುವ ಮೂತ್ರದ ಡ್ರಗ್ಸ್ ಪರೀಕ್ಷೆಯಲ್ಲಿ ಎಲ್‌ಎಸ್‌ಡಿ ನೋಡುವುದೇ ಇಲ್ಲ. ಗಾಂಜಾ ನೋಡುತ್ತಾರೆ. ಒಂದೇ ಸಲ ಸೇದಿದ್ದು ಕೆಲವು ದಿನ ಮಾತ್ರ ಕಾಣುತ್ತದೆ. ಆಮೇಲೆ ಮುಟ್ಟಿಲ್ಲವಾದರೆ ಈ ಚಿಂತೆ ಬಿಡಿ.

ಕೊನೆಗೆ ಅವ್ವ. ತಾಯಿತ ಕಟ್ಟಿಸಿಕೊಳ್ಳುವುದಾದರೆ ಕಟ್ಟಿಸಿಕೊಳ್ಳಿ, ಅದರಿಂದ ನಿಮಗೆ ನಷ್ಟ ಇಲ್ಲ, ಆಕೆಗೆ ಧೈರ್ಯ. ಹೊಡೆದು ಬಡಿದು ಗಾಳಿ ಬಿಡಿಸುವವರ ಹತ್ತಿರ ಮಾತ್ರ ಹೋಗಬೇಡಿ. ಡ್ರಗ್ಸ್ ವಿಷಯ ಈಗಲೇ ಹೇಳಬೇಕಾ ಅನ್ನುವುದು ನಿಮಗೆ ಬಿಟ್ಟದ್ದು. ನಿದ್ದೆ ಬರುತ್ತಿಲ್ಲ, ಗಾಬರಿಯಾಗುತ್ತದೆ, ಡಾಕ್ಟರಿಗೆ ತೋರಿಸುತ್ತೇನೆ ಅಂದರೂ ಸಾಕು, ಅದೂ ನಿಜವೇ. ಆದರೆ ಮಾವನ ವಿಷಯ ಆಕೆಯನ್ನು ಕೇಳಲೇಬೇಕು. ಯಾವ ವಯಸ್ಸಿಗೆ ಶುರುವಾಯಿತು, ಆಗ ಹೇಗಿದ್ದ, ಯಾವ ಆಸ್ಪತ್ರೆ, ಮಾತ್ರೆ ಚೀಟಿ ಮನೆಯಲ್ಲಿದೆಯಾ. ಚೀಟಿ ಸಿಕ್ಕರೆ ಫೋನಿನಲ್ಲಿ ಫೋಟೋ ತೆಗೆದುಕೊಂಡು ವೈದ್ಯರ ಹತ್ತಿರ ಹೋಗಿ.